ರಜೆಯಲ್ಲಿ ನಾನು ಕೊಟ್ಟ ನಿಯಮ

ಎಲ್ಲರಿಗೂ ಜಯ ಜಿನೇಂದ್ರ. ಹೋದ ವರ್ಷ ಬೇಸಿಗೆ ರಜೆಯಲ್ಲಿ ನನ್ನ ಅವ್ವನಿಗೆ ಲಕ್ವಾ ಹೊಡೆಯಿತು. ಅದಕ್ಕೆ ಕಾರಣ ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬರೆಯುತ್ತ ಹೋದಂತೆ ಕೈ ಬೇರೆ ಯಾರ ಕಡೆಗೋ ಬೆರಳು ತೋರಿಸುತ್ತದೆ. ಗುರುಕುಲದಲ್ಲಿ ಓದುವ ನನ್ನ ತಮ್ಮಂದಿರು ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ನಮ್ಮದು ಶೇಡಬಾಳ. ನಾನು ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡ. ಅವ್ವ ಕುಪ್ಪಸ ಹೊಲಿದು ಅಕ್ಕನನ್ನು ಏಕಸಂಬಿಗೆ ಮದುವೆ ಮಾಡಿ ಕೊಟ್ಟಳು, ನನ್ನನ್ನು ಗುರುಕುಲಕ್ಕೆ ಕಳಿಸಿದಳು. ಶಾಸ್ತ್ರಿ ತರಗತಿಯ ಎರಡನೆಯ ವರ್ಷ ಮುಗಿಸಿ ಊರಿಗೆ ಬಂದಿದ್ದೆ. ರಜೆಗೆ ಬಿಡುವಾಗ ನಮ್ಮ ಗುರುಗಳು ಪ್ರತಿಯೊಬ್ಬನಿಗೂ ಒಂದು ವಹಿ ಕೊಡುತ್ತಾರೆ. ದಿನಾ ಎಷ್ಟು ಹೊತ್ತು ಕಣ್ಣು ಮುಚ್ಚಿ ಸಾಮಾಯಿಕಕ್ಕೆ ಕೂತೆ, ಏನು ಓದಿದೆ, ಊರ ಬಸದಿಯಲ್ಲಿ ಯಾವ ಪ್ರವಚನ ಮಾಡಿದೆ, ಯಾರಿಗೆ ಯಾವ ನಿಯಮ ಕೊಟ್ಟೆ, ಅಂದರೆ ಏನನ್ನು ಬಿಡುವ ವ್ರತ ಹಿಡಿಸಿದೆ, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಓದು ನಿಂತರೂ ಆತ್ಮ ಮಲಗಬಾರದು ಎಂಬುದು ಗುರುಗಳ ಉದ್ದೇಶ. ಎಲ್ಲರಿಗಿಂತ ನನ್ನ ವಹಿ ಹೆಚ್ಚು ತುಂಬಬೇಕು ಎಂಬುದು ನನ್ನ ಉದ್ದೇಶ.

ಬಂದ ಮರುದಿನದಿಂದಲೇ ಅವ್ವನ ತಪ್ಪು ಹುಡುಕತೊಡಗಿದೆ. ನೀರು ಸೋಸುವ ಅರಿವೆ ತೆಳ್ಳಗಾಗಿದೆ, ಸಣ್ಣ ಜೀವಿಗಳು ದಾಟಿ ಹೋಗುತ್ತವೆ ಎಂದೆ. ಶುಕ್ರವಾರ ಅವಳು ಬಸದಿಯ ಪದ್ಮಾವತಿ ತಾಯಿಗೆ ಉಡಿ ತುಂಬಲು ಹೊರಟಾಗ ನಕ್ಕೆ.

"ಬೇಡಿದ್ರ ಯಾರೂ ಕೊಡೂದಿಲ್ಲಬೇ ಅವ್ವಾ. ಎಲ್ಲಾ ನಮ್ಮ ನಮ್ಮ ಕರ್ಮ" ಎಂದೆ.

"ನೀ ಕಲತಾಂವ ಅದಿ ಯಪ್ಪಾ. ನನಗ ಬೇಡೂದೊಂದ ಗೊತ್ತು" ಎಂದು ಅವ್ವ ಸೆರಗು ಹೊದ್ದು ಹೋದಳು.

ಅವ್ವನಿಗೆ ಬಿ.ಪಿ. ಇತ್ತು. ಬೆಳಿಗ್ಗೆ ಒಂದು ಗುಳಿಗೆ, ರಾತ್ರಿ ಮಲಗುವಾಗ ಒಂದು. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಅನ್ನ ನೀರು ಮುಟ್ಟುವುದಿಲ್ಲ. ಹಾಗಾಗಿ ಆ ಒಂದು ಗುಟುಕು ನೀರಿಗೂ ಅವ್ವ ಅಳುಕುತ್ತಿದ್ದಳು. ಗುಳಿಗೆ ಬಾಯಿಗೆ ಹಾಕುವ ಮೊದಲು ಗೋಡೆಯ ಕಡೆ ತಿರುಗಿ ಕೈಮುಗಿಯುವುದನ್ನು ನಾನೇ ಎಷ್ಟೋ ಸಲ ನೋಡಿದ್ದೆ.

ಬಸದಿಯಲ್ಲಿ ನನ್ನ ಮೂರನೆಯ ಪ್ರವಚನ ರಾತ್ರಿ ಊಟ ಬಿಡುವುದರ ಮೇಲಿತ್ತು. ಜನ ತಲೆದೂಗುತ್ತಿದ್ದರು, ನನಗೆ ಹುರುಪು ಏರಿತು. "ಔಷಧದ ನೆಪ ಹೇಳಿ ರಾತ್ರಿ ನೀರು ಕುಡಿಯುವವರು ದೇಹವನ್ನೇ ದೇವರು ಮಾಡಿಕೊಂಡವರು" ಎಂದುಬಿಟ್ಟೆ. ಯಾವ ಶಾಸ್ತ್ರದಲ್ಲೂ ಈ ಮಾತಿಲ್ಲ. ಕೇಳಲು ಚೆನ್ನಾಗಿದೆ ಎಂದು ಹಿಂದಿನ ದಿನ ನಾನೇ ಕಟ್ಟಿದ್ದು. ಶಕ್ತಿಗೆ ತಕ್ಕಷ್ಟೇ ತ್ಯಾಗ ಎಂಬುದನ್ನು ಬಾಯಿಪಾಠ ಮಾಡಿ ಒಪ್ಪಿಸಿದವನು ನಾನು, ಅದನ್ನು ಮಾತ್ರ ಅವತ್ತು ಹೇಳಲಿಲ್ಲ. ಕೊನೆಗೆ, ರಾತ್ರಿ ಗುಟುಕು ನೀರನ್ನೂ ಬಿಡುವವರು ಕೈ ಎತ್ತಿರಿ ಎಂದೆ. ಹೆಂಗಸರ ಸಾಲಿನಲ್ಲಿ ಮೊದಲು ಎದ್ದ ಕೈ ಅವ್ವನದು. ನನ್ನನ್ನೇ ನೋಡುತ್ತಿದ್ದಳು, ಮುಖ ಅರಳಿತ್ತು. ಅವಳ ಗುಳಿಗೆ ನನಗೆ ಅದೇ ಕ್ಷಣ ನೆನಪಾಯಿತು. ಮನೆಗೆ ಹೋದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಹೇಳಲಿಲ್ಲ. ಮಗನ ಮಾತಿಗೆ ತಾಯಿಯೇ ಮೊದಲು ಕೈ ಎತ್ತಿದಳೆಂದು ಊರೆಲ್ಲ ಹೊಗಳುತ್ತಿತ್ತು, ಅದು ನನಗೆ ಹಿತವಾಗಿತ್ತು.

ಮುಂದೆ ಮೂರು ವಾರ ಆಗುವ ಮೊದಲೇ, ಒಂದು ಬೆಳಿಗ್ಗೆ ನಾನು ಸಾಮಾಯಿಕ ಮುಗಿಸಿ ಏಳುವಾಗ ಅವ್ವ ಹೊಲಿಗೆ ಮಷೀನಿನ ಮೇಲೆ ಬೋರಲು ಬಿದ್ದಿದ್ದಳು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಬಲಗೈ ಕೆಳಗೆ ಜೋತಿತ್ತು. ಪಕ್ಕದ ಮನೆಯವರ ಜೀಪಿನಲ್ಲಿ ಮಿರಜಿನ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಕಣ್ಣು ತೆರೆದೇ ಇತ್ತು, ಮಾತಿರಲಿಲ್ಲ.

ಏಕಸಂಬಿಯಿಂದ ಬಂದ ಅಕ್ಕ ಬಟ್ಟೆ ತರಲು ಮನೆಗೆ ಹೋದವಳು ಮಷೀನಿನ ಡ್ರಾದಲ್ಲಿದ್ದ ಗುಳಿಗೆಗಳನ್ನು ತಂದು ನನ್ನ ಮುಂದೆ ಹಿಡಿದಳು.

"ರಾತ್ರಿ ಗುಳಿಗಿ ಒಂದೂ ನುಂಗಿಲ್ಲಲೇ ಭರತ್ಯಾ. ಯಾಕಂತ ನಿನಗ ಗೊತ್ತೈತೇನ?"

ಡಾಕ್ಟರ ಎದುರಿಗೇ ಎಲ್ಲವನ್ನೂ ಹೇಳಿದೆ. ಡಾಕ್ಟರಾಗಿದ್ದ ಆ ಹೆಣ್ಣುಮಗಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಅಹೋ, ಸಂಜೀಕ ಆರಕ್ಕ, ಹೊತ್ತ ಮುಳುಗೂದ್ರಾಗ ಕೊಟ್ಟಿದ್ರೂ ನಡೀತಿತ್ತಲ್ರಿ. ಒಂದ ಮಾತ ಕೇಳಬೇಕಿಲ್ಲರಿ?" ಎಂದರು.

ಅಷ್ಟೇ. ನಿಯಮವೂ ಉಳಿಯುತ್ತಿತ್ತು, ಅವ್ವನ ಕೈ, ಮಾತೂ ಉಳಿಯುತ್ತಿದ್ದವು. ಒಂದು ಮಾತು ಕೇಳಿದ್ದರೆ ಸಾಕಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಸಾಮಾಯಿಕಕ್ಕೆ ಕಣ್ಣು ಮುಚ್ಚಿದರೆ ಆ ಎತ್ತಿದ ಕೈ ಕಾಣುತ್ತಿತ್ತು. ಬೇಡುವವರನ್ನು ನೋಡಿ ನಕ್ಕ ಬಾಯಿಂದಲೇ ಬೇಡಿದೆ. ಪದ್ಮಾವತಿ ತಾಯೀ, ಅವ್ವ ಬಾಯಿ ಬಿಡಲಿ, ಒಂದು ಮಾತಾಡಲಿ, ಬೈದರೂ ಸರಿ, ಒಂದೇ ಒಂದು ಮಾತು ಸಾಕು. ಇನ್ನು ಗುರುಕುಲದ ಹೊಸ್ತಿಲು ತುಳಿಯುವುದಿಲ್ಲ ಎಂದೂ ನಿಶ್ಚಯ ಮಾಡಿದೆ. ಇಷ್ಟು ಓದಿ ಹೆತ್ತವಳನ್ನೇ ಮಲಗಿಸಿದವನಿಗೆ ಇನ್ನೆಂಥ ಓದು.

ಒಂಬತ್ತನೆಯ ದಿನ, ಅಲ್ಲಿಯವರೆಗೆ ಔಷಧ ಹಾಕುತ್ತಿದ್ದ ಮೂಗಿನ ನಳಿಗೆ ತೆಗೆದರು. ಇನ್ನು ಬಾಯಿಂದಲೇ ಗುಳಿಗೆ ಎಂದರು. ಬೆಳಗಿನದನ್ನು ಅವ್ವ ನುಂಗಿದಳು. ಸಂಜೆ ಏಳೂವರೆಗೆ ನರ್ಸ್ ಬಂದಾಗ ಕಿಟಕಿಯ ಹೊರಗೆ ಕತ್ತಲಾಗಿತ್ತು. ಅವ್ವ ಕಿಟಕಿ ನೋಡಿದಳು, ಹಲ್ಲು ಕಚ್ಚಿ ಹಿಡಿದಳು. ಎಡಗೈಯಿಂದ ನೀರಿನ ಲೋಟ ತಳ್ಳಿದಳು. ಅರ್ಧ ಮೈ ಸತ್ತಿದ್ದರೂ ಮಗನ ಸಭೆಯಲ್ಲಿ ಕೊಟ್ಟ ಮಾತನ್ನು ಬಿಡಲೊಲ್ಲಳು.

"ನೀನ ಕಟ್ಟೀದಿ, ನೀನ ಬಿಚ್ಚು" ಎಂದು ಅಕ್ಕ ಗೋಡೆಗೆ ಮುಖ ಮಾಡಿ ಅಳತೊಡಗಿದಳು.

ನಾನು ಗುರುಗಳಿಗೆ ಫೋನು ಹಚ್ಚಿದೆ. ಎಲ್ಲ ಕೇಳಿದ ಮೇಲೆ ಅವರು ಹೇಳಿದರು:

"ವಹಿ ತುಂಬಸಾಕ ಹೇಳಿದ್ದು ನನ್ನದೂ ತಪ್ಪಪ್ಪ. ನಿಯಮ ಬಿಡೂ ಮುಂದ ಒಂಬತ್ತ ಸಲ ಣಮೋಕಾರ ಮಂತ್ರ ಹೇಳ್ತೀವಲ್ಲ, ಅವ್ವನ ಕೈ ಹಿಡಕೊಂಡ ಹೇಳು. ಅದಕ್ಕಿಂತ ಮೊದ್ಲ ಖರೇ ಏನೈತಿ, ಅದನ್ನ ಹೇಳು."

ಮಂಚದ ಪಕ್ಕ ನೆಲಕ್ಕೆ ಕೂತು ಅವ್ವನ ಎಡಗೈ ಹಿಡಿದೆ. "ಅವ್ವಾ, ನಾ ಹೇಳಿದ್ದು ಶಾಸ್ತ್ರದಾಗಿಲ್ಲ. ಸುಳ್ಳ ಹೇಳೀನಿ. ನೀ ಕೈ ಎತ್ತಿದಾಗ ನಿನ್ನ ಗುಳಿಗಿ ನನಗ ನೆನಪಿತ್ತು. ಮಂದಿ ಹೊಗಳ್ಳಿ ಅಂತ ಸುಮ್ಮನಿದ್ನಿ" ಎಂದೆ. ಆಮೇಲೆ ಮಂತ್ರ ಹೇಳತೊಡಗಿದೆ. ಸಾವಿರಾರು ಸಲ ಹೇಳಿದ ಮಂತ್ರ, ನಾಲ್ಕನೆಯ ಸಲಕ್ಕೆ ಮುಂದಿನ ಸಾಲೇ ಮರೆಯಿತು. ಅಕ್ಕ ಹಿಂದಿನಿಂದ ಎತ್ತಿಕೊಟ್ಟಳು. ಇಬ್ಬರೂ ಸೇರಿ ಒಂಬತ್ತು ಮುಗಿಸಿದೆವು.

ಅವ್ವ ಬಹಳ ಹೊತ್ತು ನನ್ನನ್ನು ನೋಡಿದಳು. ಆಮೇಲೆ ಬಾಯಿ ತೆರೆದಳು. ಗುಳಿಗೆ ಇಟ್ಟೆ, ಚಮಚದಿಂದ ನೀರು ಹಾಕಿದೆ, ಅರ್ಧ ಕುತ್ತಿಗೆಗೆ ಹರಿಯಿತು, ಅರ್ಧ ಒಳಗೆ ಹೋಯಿತು. ಒರೆಸುತ್ತಿದ್ದಾಗ ಅವಳ ತುಟಿ ಅಲುಗಿತು. ಅಕ್ಕನೂ ಬಗ್ಗಿದಳು.

"ಉಂಡೀ?"

ಒಂಬತ್ತು ದಿನಗಳ ಮೇಲೆ ಬಂದ ಮಾತು. ಬೈಗುಳ ಬರಲೆಂದು ಕಾದವನಿಗೆ ಊಟ ಆಯಿತೇ ಎಂದು ಕೇಳಿದ್ದಳು. ಬೆಳಿಗ್ಗೆ ಕುಡಿದ ಒಂದು ಲೋಟ ಚಹಾ ಬಿಟ್ಟರೆ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. "ಉಂಡೇನವ್ವಾ" ಎಂದೆ. ಅವಳು ಕಣ್ಣು ಮುಚ್ಚಿದಳು.

ಇದೆಲ್ಲ ಆಗಿ ವರ್ಷವಾಯಿತು. ಅವ್ವ ಗೋಡೆ ಹಿಡಿದು ನಡೆಯುತ್ತಾಳೆ. ಬಲಗೈ ಮತ್ತೆ ಕತ್ತರಿ ಹಿಡಿಯಲಿಲ್ಲ. ಮಾತು ಅದೊಂದೇ, "ಉಂಡೀ?" ನೀರು ಬೇಕಾದರೂ ಅದೇ, ಕಾಲು ನೋವಾದರೂ ಅದೇ, ಮನೆಗೆ ಬಂದವರಿಗೂ ಅದೇ. ಇನ್ನು ಬೇರೆ ಮಾತು ಬರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಒಂದೇ ಮಾತು ಸಾಕು ಎಂದು ಬೇಡಿದವನು ನಾನು, ಪದ್ಮಾವತಿ ತಾಯಿ ಕೊಟ್ಟಿದ್ದಾಳೆ. ಹೆಚ್ಚು ಬೇಡಲು ಯಾಕೆ ತೋಚಲಿಲ್ಲವೋ ಎಂದು ಇಂದಿಗೂ ಎದೆ ಬಡಿದುಕೊಳ್ಳುತ್ತೇನೆ. ಆದರೂ ಕೊಟ್ಟಿದ್ದನ್ನು ಕೊಟ್ಟಿಲ್ಲ ಎನ್ನಲಾರೆ. ಈಗ ಶುಕ್ರವಾರ ಉಡಿಯ ಸಾಮಾನು ನಾನೇ ಹೊತ್ತುಕೊಂಡು, ಅವ್ವನನ್ನು ನೋಡಿಕೊಳ್ಳಲು ನಮ್ಮಲ್ಲೇ ಬಂದು ನಿಂತಿರುವ ಅಕ್ಕನ ಜೊತೆ ಹೋಗುತ್ತೇನೆ.

ಗುರುಗಳು ಬಿಡಲಿಲ್ಲ, ಗುರುಕುಲಕ್ಕೆ ಮರಳಿದೆ. ಈ ರಜೆಗೆ ಊರಿಗೆ ಬಂದ ಮೊದಲ ದಿನವೇ ಅದೇ ಸಭೆಯಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಯಾರೂ ತಲೆದೂಗಲಿಲ್ಲ. ಕೆಳಗಿಳಿದಾಗ ಓಣಿಯ ಅಜ್ಜಿಯೊಬ್ಬರು ಬಳಿ ಬಂದು, "ನಾನೂ ಅವತ್ತ ಕೈ ಎತ್ತಿದ್ನೆಪಾ. ನನ್ನ ಸಕ್ರಿ ಗುಳಿಗಿ ಸಂಜೀಮುಂದ ತಗೊಂಡ್ರ ನಡೀತೈತೇನ?" ಎಂದರು. ಅವರನ್ನು ಮರುದಿನವೇ ಡಾಕ್ಟರ ಬಳಿ ಕರೆದುಕೊಂಡು ಹೋದೆ.

ತಮ್ಮಂದಿರೇ, ರಜೆಯಲ್ಲಿ ಮನೆಯವರಿಗೆ ಕಲಿಸುವ ಮೊದಲು ಅವರು ಏನು ನುಂಗಿ ಬದುಕುತ್ತಿದ್ದಾರೆ ಎಂಬುದನ್ನು ಕೇಳಿರಿ. ನನ್ನ ಈ ರಜೆಯ ಸಾಧನೆ ಬಹಳ ಸಣ್ಣದು. ಹೊತ್ತಿರುವಾಗಲೇ ಅವ್ವನಿಗೆ ಉಣಿಸಿ ಗುಳಿಗೆ ಕೊಡುತ್ತೇನೆ. ಅದಕ್ಕೂ ಮೊದಲು ಒಲೆಯ ಮುಂದೆ ಕೂತು ನಾನು ಉಣ್ಣುತ್ತೇನೆ, ಹಸಿವಿಲ್ಲದಿದ್ದರೂ ಎರಡು ತುತ್ತು. ಅವಳು ಕೇಳಿದಾಗ ನನ್ನ ಉತ್ತರ ಖರೇ ಇರಬೇಕು.