ಬೇಲಿ ದಾಟಿದ ಕೆಂಪಿಯ ಮರಿಗಳು

ಮಂಜಿನೊಳಗೆ ಎಲ್ಲೋ ಕಾಡುಹುಂಜ ಕೂಗಿತು. ಅಂಗಳದಲ್ಲಿ ನುಚ್ಚು ಹೆಕ್ಕುತ್ತಿದ್ದ ಮೂರು ಬಲಿತ ಕೋಳಿಮರಿಗಳೂ ಒಮ್ಮೆಲೇ ಕತ್ತೆತ್ತಿದವು. ಮರುಗಳಿಗೆಯಲ್ಲಿ ಬೇಲಿ ಹಾರಿ, ಆ ಬಿಳುಪಿನಲ್ಲಿ ಕರಗಿಹೋದವು.

ಕಾಫಿ ಗಿಡ ನೆಡಲು ಕಾಡು ಸವರುವಾಗ ಸಿಕ್ಕಿದ ಕಾಡುಕೋಳಿಯ ಮೊಟ್ಟೆಗಳನ್ನು ನಮ್ಮ ಯಜಮಾನರು ಕಂಬಳಿಯಲ್ಲಿ ಸುತ್ತಿ ತಂದಿದ್ದರು. ಸಿಡಿಲಿಗೆ ಮೊಟ್ಟೆ ಕೆಡುತ್ತವೆಂಬ ಹಳೆಯ ನಂಬಿಕೆಯಂತೆ ಕುಕ್ಕೆಯಲ್ಲಿ ಒಂದು ಇದ್ದಿಲು ಇಟ್ಟು, ನಮ್ಮ ಸಾಕುಕೋಳಿ ಕೆಂಪಿಯನ್ನು ಕಾವಿಗೆ ಕೂರಿಸಿದ್ದೆ. ಹುಟ್ಟಿದ ಮರಿಗಳು ನನ್ನ ಸೆರಗಿನಲ್ಲೇ ನಿದ್ದೆ ಮಾಡಿ ಬೆಳೆದಿದ್ದವು.

ಕೆಂಪಿ ಬೇಲಿಯುದ್ದಕ್ಕೂ ಓಡಾಡುತ್ತ ಅವನ್ನು ಕರೆಯತೊಡಗಿತು. ನನಗೆ ಸಿಟ್ಟೇ ಬಂತು. “ಸಾಕಿದೋಳ ಕಡೆ ತಿರುಗಿಯೂ ನೋಡ್ಲಿಲ್ವಲ್ಲ ಅತ್ತೆಮ್ಮ!” ಎಂದೆ.

ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು. “ಕಾಡಿನವು ಕಣೇ ಅವು, ಕಾಡು ಕರೀತು, ಹೋಗ್ಬುಟ್ವು. ಕೆಂಪಿಗಾದ್ರೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತಲ್ಲ?”

ಗೊತ್ತಿತ್ತು. ಆದರೂ ಇವತ್ತಿಗೂ ಕಾಡುಹುಂಜ ಕೂಗಿದರೆ ಕೆಂಪಿ ಮೇಯುವುದನ್ನು ಬಿಟ್ಟು ಬೇಲಿಯ ಕಡೆ ನೋಡುತ್ತದೆ, ನಾನು ಒಂದು ಹಿಡಿ ನುಚ್ಚನ್ನು ಆಚೆಗೆ ಎರಚುತ್ತೇನೆ. ಮಂಜು ಕರಗಿದ ಮೇಲೆ ಹೋಗಿ ನೋಡಿದರೆ ನುಚ್ಚು ಇರುವುದಿಲ್ಲ. ಯಾರು ತಿಂದರೆಂದು ನಾನು ಕಾದು ನೋಡಲು ಹೋಗಿಲ್ಲ.