ಹೆಗಲ ಮೇಲಿನ ಟೋನರ್

ಭಾಲ್ಕಿಯ ಕಾಲೇಜಿನಲ್ಲಿ ನಾನು ಉಪನ್ಯಾಸಕ; ನನ್ನ ಪಕ್ಕದ ಮೇಜು ಸಹೋದ್ಯೋಗಿಯೊಬ್ಬರದು. ನಾನು ಗಂಟೆ ಹೊಡೆಯುವ ಮೊದಲೇ ತರಗತಿಯಲ್ಲಿರುತ್ತಿದ್ದೆ. ಅವರು ಔರಾದದ ಬಸ್ಸಿಳಿದು ತಡವಾಗಿ ಬರುತ್ತಿದ್ದರು, ಕೈತುಂಬ ಪ್ರಿಂಟರಿನ ಕರಿಪುಡಿ. ಕೇಳಿದರೆ, "ಆಗ್ತದ ಬಿಡ್ರಿ ಸರ್" ಎನ್ನುತ್ತಿದ್ದರು. ತಂತಿಯಿಲ್ಲದೆ ಮಾಹಿತಿ ಕಳಿಸುವ ಉಪಾಯಕ್ಕೆ ಅವರಿಗೆ ಪೇಟೆಂಟ್ ಸಿಕ್ಕಿತ್ತು. ನನ್ನ ಅರ್ಜಿ ತಿರಸ್ಕೃತವಾಗಿತ್ತು. ಕಡಿಮೆ ಬಿಸಿಗೇ ಕರಗಿ ಅಂಟುವ ಟೋನರಿಗೂ, ಅಂದರೆ ಆ ಕರಿಪುಡಿಗೂ, ಪೇಟೆಂಟ್ ಬಂದ ದಿನ ಅವರು ಖುಷಿಯಿಂದ ನನ್ನ ಹೆಗಲು ತಟ್ಟಿದರು. ಬಿಳಿ ಅಂಗಿಯ ಮೇಲೆ ಬೆರಳುಗಳು ಕಪ್ಪಗೆ ಮೂಡಿದವು.

"ತಪ್ಪಾತ್ರಿ ಸರ್. ತಣ್ಣೀರಾಗ ಒಗೀರಿ, ಬಿಸಿನೀರು ಹಾಕಬ್ಯಾಡ್ರಿ."

"ಅಂಗಿ ಒಗ್ಯಾದಕ್ಕೂ ಪೇಟೆಂಟ್ ತಗೊಂಡೀರೇನು?" ಎಂದೆ.

ಹೊಟ್ಟೆ ಉರಿಯುತ್ತಿತ್ತು. ಅವರ ಮಾತು ಕೇಳಬಾರದೆಂದೇ ಅಂಗಿಯನ್ನು ಕುದಿಯುವ ನೀರಿನಲ್ಲಿ ನೆನೆಸಿದೆ. ಕಲೆ ಇಂದಿಗೂ ಹೋಗಿಲ್ಲ. ಅವರ ಟೋನರ್ ಎಷ್ಟು ಗಟ್ಟಿಯಾಗಿ ಅಂಟುತ್ತದೆಂದು ಬೀದರ್ ಜಿಲ್ಲೆಯಲ್ಲಿ ನನ್ನಷ್ಟು ಖಾತ್ರಿಯಾಗಿ ಬಲ್ಲವರು ಯಾರೂ ಇಲ್ಲ.