ಕೈಗವಸು ಕಳಚದ ಬೆಳಿಗ್ಗೆ

ನಾನು ಡಾಕ್ಟರಲ್ಲ. ಅರಸೀಕೆರೆಯ ನಮ್ಮ ಮನೆಯಲ್ಲಿ ಈ ಮಾತನ್ನು ಯಾವತ್ತೋ ಹೇಳಬೇಕಿತ್ತು. ಮೈಸೂರಿನ ಲ್ಯಾಬಿನಲ್ಲಿ ಮೆದುಳಿನ ರಕ್ತನಾಳದ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವುದಷ್ಟೇ ನನ್ನ ಕೆಲಸ. ಮನೆಯವರಿಗೆ ಮಾತ್ರ ನಾನು ಮೆದುಳಿನ ಡಾಕ್ಟರು. ಯಾರಿಗೆ ಹುಷಾರು ತಪ್ಪಿದರೂ ಆಸ್ಪತ್ರೆಗೆ ಹೊರಡುವ ಮುಂಚೆ ನನಗೊಂದು ಫೋನು. ಸುಳ್ಳೇಕೆ, ನನಗದು ಹಿತವಾಗಿತ್ತು.

ಕೊಬ್ಬರಿ ವ್ಯಾಪಾರದ ಅಣ್ಣನಿಗೆ ಒಮ್ಮೆ ನನ್ನ ಕೆಲಸ ವಿವರಿಸಿದ್ದೆ. ರಕ್ತದಲ್ಲಿರುವುದೆಲ್ಲ ಮೆದುಳಿಗೆ ನುಗ್ಗದಂತೆ ನಾಳದ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಆ ಅಂಟು ಎಷ್ಟು ತಯಾರಾಗಬೇಕೆಂಬುದನ್ನು ಹತೋಟಿಯಲ್ಲಿಡುವುದರಲ್ಲಿ ಪುಟಾಣಿ ಆರ್‌ಎನ್‌ಎ ತುಣುಕುಗಳ ಕೈವಾಡವೂ ಉಂಟು. ಲಕ್ವ ಹೊಡೆದಾಗ ಅವುಗಳ ಹದ ತಪ್ಪಿ, ಬೆಸುಗೆ ಸಡಿಲವಾಗಿ, ಮೆದುಳು ಊದಿಕೊಳ್ಳುತ್ತದೆ. ಅಣ್ಣ ಅಟ್ಟದಿಂದ ಇಳಿಸಿದ ಕಾಯಿಯೊಂದನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ, "ಚಿಪ್ಪು ಕೂದಲೆಳೆಯಷ್ಟು ಬಿರಿದ್ರೂ ಒಳಗಿನ ಕೊಬ್ಬರಿ ಕೆಡ್ತೈತೆ. ಅದನ್ನ ಕಾಯೋ ಕೆಲ್ಸ ನಿಂದು ಅನ್ನು" ಎಂದ. ಇಷ್ಟು ಚೆನ್ನಾಗಿ ನಾನು ಯಾವ ಸಭೆಯಲ್ಲೂ ಹೇಳಿರಲಿಲ್ಲ.

ಆ ಬೆಳಿಗ್ಗೆ ಅಂಥದೇ ಒಂದು ಆರ್‌ಎನ್‌ಎಯನ್ನು ತಡೆದರೆ ಬೆಸುಗೆ ಉಳಿಯುತ್ತದೆಯೇ ಎಂದು ನೋಡುತ್ತಿದ್ದೆ. ಕೈಗವಸು ಹಾಕಿದ ಮೇಲೆ ಫೋನು ಮುಟ್ಟುವಂತಿಲ್ಲ; ಬರಿಗೈಯ ಬೆವರು ತಾಗಿದರೂ ಆರ್‌ಎನ್‌ಎ ಹಾಳು. ಫೋನು ಗುರುಗುಟ್ಟುತ್ತಲೇ ಇತ್ತು. ಅತ್ತಿಗೆ ಇರಬೇಕು, ಯಾರಿಗೋ ನೆಗಡಿ, ಕಾಯಲಿ ಅಂದುಕೊಂಡೆ. ತಟ್ಟೆಯಲ್ಲಿ ಬೆಸುಗೆ ಗಟ್ಟಿಯಾಗಿ ನಿಂತಿತ್ತು. ಹಿಗ್ಗಿನಲ್ಲೇ ಕೈಗವಸು ಕಳಚಿ ಫೋನು ಮಾಡುವ ಹೊತ್ತಿಗೆ ಮೊದಲ ಕರೆ ಬಂದು ಮೂರು ಗಂಟೆ ಕಳೆದಿತ್ತು. ಅಣ್ಣನ ಬಾಯಿ ಸೊಟ್ಟಗಾಗಿ ಬಲಗೈ ಬಿದ್ದುಹೋಗಿತ್ತು. ಆಸ್ಪತ್ರೆ ಕೂಗಳತೆಯಲ್ಲಿದ್ದರೂ ಇನ್ನೂ ಮನೆಯಲ್ಲೇ ಇದ್ದರು.

"ನಿನ್ನ ಕೇಳ್ದೆ ಆಸ್ಪತ್ರೆಗೆ ಬ್ಯಾಡ ಅಂತ ಅವರೇ ತೊದಲಿದ್ರು ಕಣಮ್ಮ" ಎಂದರು ಅತ್ತಿಗೆ.

ಊರಿನ ಆಸ್ಪತ್ರೆಯವರು ಹಾಸನಕ್ಕೆ ಕಳಿಸಿದರು; ಅಲ್ಲಿಗೆ ಮುಟ್ಟುವಷ್ಟರಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಮದ್ದು ಕೊಡುವ ಹೊತ್ತು ಮೀರಿತ್ತು. ಜೀವ ಉಳಿಯಿತು, ಮಾತು ಹೋಯಿತು. ಸ್ಕ್ಯಾನಿನಲ್ಲಿ ಮೆದುಳು ಊದಿದ್ದ ಜಾಗವನ್ನು ನಾನು ಯಾರೂ ಹೇಳಿಕೊಡದೆಯೇ ಗುರುತಿಸಿದೆ. ಥೂ, ಸುಡಲಿ ನನ್ನ ವಿದ್ಯೆ.

ಕಳೆದ ವಾರ ಊರಿಗೆ ಹೋದವಳು ಅಣ್ಣ ಅತ್ತಿಗೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿಯೇಬಿಟ್ಟೆ, ನಾನು ಡಾಕ್ಟರಲ್ಲ, ನನ್ನಿಂದಲೇ ಹೀಗಾಯಿತು ಎಂದು. ಅಣ್ಣ ಎಡಗೈಯಿಂದ ನನ್ನ ತಲೆ ಸವರಿದ. ಅತ್ತಿಗೆ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಹೊಸ ಮಾತ್ರೆಯ ಪೊಟ್ಟಣ ತಂದು ನನ್ನ ಕೈಗಿಟ್ಟರು.

"ಡಾಕ್ಟ್ರು ಸೋಮವಾರದಿಂದ್ಲೇ ಕೊಡಿ ಅಂದಿದ್ರು. ಹೆಂಗೂ ನೀನು ಬತ್ತೀಯಲ್ಲ, ಒಂದು ಮಾತು ಕೇಳಿ ಕೊಡಾಣ ಅಂತ ಇಟ್ಕೊಂಡಿದೀನಿ."

ಅವತ್ತು ಗುರುವಾರ. ಪೊಟ್ಟಣವನ್ನು ಒಡೆದೇ ಇರಲಿಲ್ಲ.